ಎರಡು ಸಾರಿ ಅಂದ ಮೇಲೆ

ಮಾರ್ಚ್ 3, ಸೋಮವಾರ

ಮನೆಯಲ್ಲಿ ಈಗ ಪೂರ್ತಿ ವಾಕ್ಯ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕರ್ತೃ, ಕರ್ಮ, ಕ್ರಿಯಾಪದ, ಕೊನೆಗೊಂದು ಪೂರ್ಣವಿರಾಮ. ಯಾರೂ ಓದಬೇಕಾಗಿಲ್ಲ.

ರಜೆ ಮುಗಿಸಿ ಇವತ್ತು ತರಗತಿಗೆ ಹೋದೆ. ಕೆಲಸದಲ್ಲಿ ಒಂದು ಮೆಟ್ಟಿಲು ಮೇಲೆ ಹೋಗಲು ಇಂಗ್ಲಿಷ್ ಪರೀಕ್ಷೆ ಕಟ್ಟಿರುವ ದೊಡ್ಡವರ ತರಗತಿ ಅದು. ಲಿಫ್ಟ್ ರಿಪೇರಿಯವರೊಬ್ಬರು, ಕೂದಲು ಕತ್ತರಿಸುವಾಕೆ, ಬ್ಯಾಂಕಿನ ಕಾವಲುಗಾರ, ಇನ್ನೂ ಕೆಲವರು.

"ಮನೇಲಿ ಹೇಗಿದ್ದಾರೆ ಮೇಡಂ?" ಎಂದು ಕೂದಲು ಕತ್ತರಿಸುವಾಕೆ ಕೇಳಿದಳು.

"ಇದ್ದಾರೆ" ಎಂದೆ.

ಪಾಠ ವಿಶೇಷಣ. ಅಡ್ಜೆಕ್ಟಿವ್. ಮೊದಲು ವಾಕ್ಯ ಬರಿಮೈಯಲ್ಲಿ ನಿಲ್ಲುತ್ತದೋ ನೋಡಿ, ಆಮೇಲೆ ಅಂಗಿ ತೊಡಿಸಿ ಎಂದು ಪ್ರತಿ ವರ್ಷ ಹೇಳುವುದನ್ನೇ ಹೇಳಿದೆ. ಪ್ರತಿ ವರ್ಷ ನಗುವ ಜಾಗದಲ್ಲಿ ಅವರು ನಕ್ಕರು. ನಾನು ಡಸ್ಟರ್ ಹುಡುಕಿದೆ.

ಲಿಫ್ಟಿನವರು ಎದ್ದು ನಿಂತರು. "ಮೇಡಂ, ಒಂದು ಪದಕ್ಕೆ ಎಷ್ಟು ಅಡ್ಜೆಕ್ಟಿವ್ ಹತ್ತಿಸಬಹುದು? ಲಿಫ್ಟಲ್ಲಿ ಇಷ್ಟೇ ಜನ ಅಂತ ಬರೆದಿರ್ತಾರಲ್ಲ, ಹಾಗೆ ಏನಾದ್ರೂ ಲೆಕ್ಕ ಇದೆಯಾ?"

"ಎರಡು" ಎಂದೆ. "ಮೂರನೆಯದು ಹತ್ತಿದರೆ ಓವರ್‌ಲೋಡು."

ನಮ್ಮ ಮನೆಯವರು, ಇವರು, ಆ ಲೆಕ್ಕಕ್ಕೆ ಯಾವತ್ತೂ ಸಿಕ್ಕವರಲ್ಲ. ಇವರ ಕಸುಬು ಹರಾಜು. ಹಳೆಯ ಮೇಜು ಕುರ್ಚಿ ಬೀರುಗಳ ಹರಾಜುಮನೆಯಲ್ಲಿ ಕಟ್ಟೆ ಹತ್ತಿ ನಿಂತು ಕೂಗುವವರು. ಕಾಲು ಅಲ್ಲಾಡುವ ಕುರ್ಚಿ ಇವರ ಬಾಯಲ್ಲಿ ಗಟ್ಟಿಮುಟ್ಟಾದ, ಘನವಾದ, ತುಂಬಿದ ಮನೆಯ ಹಿರಿಯನಂಥ ಕುರ್ಚಿಯಾಗಿಬಿಡುತ್ತಿತ್ತು. ಮನೆಗೆ ಬಂದರೂ ಅದೇ ವರಸೆ. ನಾನು ಉಪ್ಪು ಹೆಚ್ಚು ಹಾಕಿದ ದಿನ "ಆಹಾ, ಎಂಥ ಧಾರಾಳವಾದ, ಕೈ ಬಿಚ್ಚಿ ಮಾಡಿದ, ಉದಾರ ಅಡುಗೆ!" ಎಂದು ಹೊಗಳಿ ಬೈಸಿಕೊಳ್ಳುತ್ತಿದ್ದರು. "ಮುಕ್ಕಾಲು ಪಾಲು ಹೊಡೆದುಹಾಕಿ" ಎನ್ನುತ್ತಿದ್ದೆ. "ಬಂದ್ರಪ್ಪ, ಕೆಂಪು ಪೆನ್ನಿನ ಮೇಡಂ ಬಂದ್ರು" ಎನ್ನುತ್ತಿದ್ದರು. ಮದುವೆಯಾದ ವರ್ಷದಿಂದ ನಾನು ಇವರಿಗೆ ಮೇಡಂ.

ಜನವರಿಯಲ್ಲಿ ಇವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದಿತು. ಮಾತು ಹೋಯಿತು. ನಡೆಯುತ್ತಾರೆ. ಎಲ್ಲವೂ ಅರ್ಥವಾಗುತ್ತದೆ, ಹೇಳಲು ಹೋದರೆ ಪದ ಸಿಗುವುದಿಲ್ಲ ಎಂದು ಮಾತಿನ ಡಾಕ್ಟರು ಹೇಳುತ್ತಾಳೆ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ. ಅವಳು ಡಾಕ್ಟರಲ್ಲವಂತೆ, ನಾವು ಹಾಗೆ ಕರೆಯುತ್ತೇವೆ. ಇವರ ವಿಷಯದಲ್ಲಿ ಮೊದಲು ವಸ್ತುಗಳ ಹೆಸರು ಬರುತ್ತವೆ, ಆಮೇಲೆ ಕ್ರಿಯೆಗಳು, ಎಂಥ ಹೇಗೆ ಎಂಬ ಮಾತುಗಳು ಕೊನೆಗೆ ಎಂದಳು. ಬಂದರೆ.

ಸಂಜೆ ಇವರು "ಬಾಗಿಲು" ಎಂದರು. ಹಾಕಿದೆ. ಮತ್ತೆ "ಬಾಗಿಲು" ಎಂದರು. ತೆಗೆದೆ. ಕಣ್ಣು ಮುಚ್ಚಿಕೊಂಡರು. ಬಾಗಿಲನ್ನು ಅರ್ಧಕ್ಕೆ ಬಿಟ್ಟು ಅಡುಗೆಮನೆಗೆ ಹೋದೆ.

ಮಾರ್ಚ್ 5, ಬುಧವಾರ

ನಾದಿನಿ ಫೋನ್ ಮಾಡಿದಳು. ದಿನಾ ಮಾಡುತ್ತಾಳೆ.

"ಅತ್ತಿಗೆ, ಅಣ್ಣ ಏನಾದ್ರೂ ಮಾತಾಡಿದ್ನಾ?"

"ಚಮಚ ಅಂದರು."

"ಅಯ್ಯೋ ನನ್ನಪ್ಪಾ! ಚಮಚ ಅಂದ್ನಾ!" ಅತ್ತಳು. ಅವಳಿಗೆ ಅಳು ಸಲೀಸು. ನನಗೆ ಬರುವುದಿಲ್ಲ. ಆಸ್ಪತ್ರೆಯಲ್ಲೂ ಬರಲಿಲ್ಲ. "ನೀವು ಬಿಡಿ ಅತ್ತಿಗೆ, ಕಲ್ಲು" ಎಂದಳು. ಬೈಯಲಿಲ್ಲ, ಹೊಗಳಿದಳು. ಹೂಂ ಎಂದೆ.

ಚಮಚ ಎಂದದ್ದು ನಿಜ. ಬೇಕಾಗಿದ್ದದ್ದು ಟವೆಲ್ಲು.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಕ್ರಿಯಾವಿಶೇಷಣ. ಅಡ್ವರ್ಬ್. ನಾವು 'ಆಗಿ' ಹಚ್ಚುವ ಕಡೆ ಇಂಗ್ಲಿಷಿನವರು ಬಹಳ ಸಲ 'ಲಿ' ಹಚ್ಚುತ್ತಾರೆ ಎಂದು ಶುರು ಮಾಡಿದೆ. ಸ್ಲೋ, ಸ್ಲೋಲಿ. ಕೇರ್‌ಫುಲ್, ಕೇರ್‌ಫುಲ್ಲಿ. ಕಾವಲುಗಾರ ಉತ್ಸಾಹಕ್ಕೆ ಬಿದ್ದು ಫಾಸ್ಟ್‌ಗೂ ಹಚ್ಚಿದ. ಫಾಸ್ಟ್ ಎರಡೂ ಕಡೆ ಹಾಗೇ ಇರುತ್ತದೆ, ಗುಡ್ ಮಾತ್ರ ವೇಷ ಬದಲಿಸಿಕೊಂಡು ವೆಲ್ ಆಗುತ್ತದೆ ಎಂದೆ. ಇನ್ನು ಫೀಲ್, ಸ್ಮೆಲ್, ಲುಕ್ ಇಂಥವುಗಳ ಮುಂದೆ ಇರುವ ಸ್ಥಿತಿ ಹೇಳಬೇಕಾದರೆ ಲಿ ಬೇಡ.

ಲಿಫ್ಟಿನವರು ರಾತ್ರಿಯೆಲ್ಲ ತಲೆಯ ಮೇಲೆ ಕೈ ಎತ್ತಿಕೊಂಡೇ ಕೆಲಸ ಮಾಡಿ ಬಂದಿದ್ದರು. "ಮೇಡಂ, ಕೈ ಜೋಮು ಹಿಡಿದು ಏನೂ ಗೊತ್ತಾಗ್ತಿಲ್ಲ ಅನ್ನೋಕೆ ಏನಂತಾರೆ?"

"ನಂಬ್."

"ಹಾಗಾದ್ರೆ, ಐ ಫೀಲ್ ನಂಬ್ಲಿ."

"ಅಲ್ಲ. ಐ ಫೀಲ್ ನಂಬ್. ಎಲ್ಲರೂ ಹೇಳಿ."

ಎಲ್ಲರೂ ಹೇಳಿದರು. ಇನ್ನೊಮ್ಮೆ ಹೇಳಿಸಿದೆ. ಉಚ್ಚಾರ ಸರಿಯಾಗಲಿ ಎಂದು ನಾನೂ ಜೊತೆಗೆ ಹೇಳಿದೆ.

ಮಧ್ಯಾಹ್ನ ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಾತಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದಳು. ಮೇ ತಿಂಗಳ ಮೊದಲ ವಾರ ಪರೀಕ್ಷೆ ಇದೆಯಂತೆ. ಅಷ್ಟರಲ್ಲಿ ಮಾತು ಮುಂದಕ್ಕೆ ಹೋಗಿದ್ದರೆ ಚಿಕಿತ್ಸೆಯಲ್ಲಿ ಇವರ ಜಾಗ ಇವರಿಗೇ. ಹೋಗದಿದ್ದರೆ ಬೇರೆಯವರಿಗೆ ಕೊಡಬೇಕಾಗುತ್ತದೆ.

"ನಿಲ್ಲಿಸಿಬಿಟ್ಟರೆ?" ಎಂದೆ.

"ಮೊದಲಿನ ಕೆಲವು ತಿಂಗಳೇ ಮುಖ್ಯ ಮೇಡಂ. ಆಮೇಲೆ ಎಷ್ಟು ಬಂದಿದೆಯೋ ಬಹಳ ಮಟ್ಟಿಗೆ ಅಷ್ಟೇ ಉಳಿಯುತ್ತೆ. ಹೊರಗೆ ಕಾಯ್ತಿರೋರನ್ನ ನೀವೇ ನೋಡಿದ್ದೀರಲ್ಲ."

ನೋಡಿದ್ದೇನೆ. ಬೆಂಚು ಸಾಲದೆ ಗೋಡೆಗೆ ಒರಗಿ ನಿಂತಿರುತ್ತಾರೆ.

"ಮನೆಯಲ್ಲಿ ನಾನು ಕಲಿಸುತ್ತೇನೆ" ಎಂದೆ. "ಅದೇ ನನ್ನ ಕೆಲಸ."

ರಟ್ಟು ಕತ್ತರಿಸಿ ಚೀಟಿ ಮಾಡಿದೆ. ಬಿಟ್ಟ ಸ್ಥಳ ತುಂಬುವ ಚೀಟಿಗಳು. ಅವನು ಡ್ಯಾಶ್ ನಡೆದನು: ನಿಧಾನ, ನಿಧಾನವಾಗಿ. ಡ್ಯಾಶ್ ನೀರು: ತಣ್ಣಗೆ, ತಣ್ಣನೆಯ. ಸುಲಭದಿಂದ ಕಷ್ಟಕ್ಕೆ ಜೋಡಿಸಿಟ್ಟೆ. ಇದು ನನಗೆ ಬರುವ ಕೆಲಸ.

ಮಾರ್ಚ್ 14, ಶುಕ್ರವಾರ

ಇವರು "ನೀರು" ಎಂದರು. ಆಮೇಲೆ ಬಾಯಿ ಅಲ್ಲಾಡಿಸಿ, ಹಣೆ ಬೆವರಿ, "ತಣ್ಣಗೆ" ಎಂದರು. ಲಕ್ವ ಹೊಡೆದ ಮೇಲೆ ಎಂಥ, ಹೇಗೆ ಎಂಬ ಪದ ಇದೇ ಮೊದಲು.

"ತಣ್ಣಗೆ ನೀರು ಅಲ್ಲ. ತಣ್ಣನೆಯ ನೀರು. ಎಲ್ಲಿ, ಇನ್ನೊಂದು ಸಲ ಹೇಳಿ."

ನನ್ನ ಮುಖ ನೋಡಿದರು. "ತ... ತಣ್ಣ..."

"ನೆಯ."

"ನೆಯ" ಎಂದರು.

ನೀರು ಕೊಟ್ಟೆ. ಪ್ರಗತಿ ಇದೆ.

ಮಾರ್ಚ್ 20, ಗುರುವಾರ

ಗದ್ದ ಎತ್ತಿ ಹೂಜಿ ತೋರಿಸಿದರು. "ಏನು ಬೇಕು ಹೇಳಿ" ಎಂದೆ. ಮತ್ತೆ ಗದ್ದ ಎತ್ತಿದರು. "ಬಾಯಲ್ಲಿ ಹೇಳಬೇಕು. ಎಂಥ ನೀರು?" ಎದ್ದು ಹೋಗಿ, ಎಡಗೈಯಲ್ಲಿ ನಲ್ಲಿ ತಿರುಗಿಸಿ, ಬೊಗಸೆ ಮಾಡಲಾಗದೆ ಬಾಯೊಡ್ಡಿ ಕುಡಿದರು. ಅಂಗಿ ಒದ್ದೆಯಾಯಿತು. ಬದಲಾಯಿಸಿದೆ.

ತುಂಬ ಹಟ. ಈ ವಾಕ್ಯದಲ್ಲಿ 'ತುಂಬ' ಬೇಕಿಲ್ಲ.

ಮಾರ್ಚ್ 27, ಗುರುವಾರ

ಇವತ್ತು ಏನೂ ಹೇಳಲಿಲ್ಲ.

ಏಪ್ರಿಲ್ 2, ಬುಧವಾರ

ಇವತ್ತೂ ಇಲ್ಲ. ಚೀಟಿ ತೋರಿಸಿದೆ. ಗೋಡೆಯ ಕಡೆ ತಿರುಗಿದರು. ಚಹಾ ಕೊಟ್ಟೆ. ಕುಡಿದರು. ತರಗತಿಗೆ ಹೋದೆ. ಬಂದೆ.

ನಾದಿನಿಗೆ "ಪರವಾಗಿಲ್ಲ" ಎಂದು ಹೇಳಿದೆ.

ಏಪ್ರಿಲ್ 8, ಮಂಗಳವಾರ

ಆಸ್ಪತ್ರೆ. ಮಾತಿನ ಡಾಕ್ಟರು ಇವರಿಗೆ ಚಿತ್ರ ತೋರಿಸುತ್ತಿದ್ದಳು. ಕತ್ತರಿಯ ಚಿತ್ರ. ಇವರು ಬಾಯಿ ತೆರೆದರು, ತಿರುಗಿ ನನ್ನನ್ನು ನೋಡಿದರು, ಬಾಯಿ ಮುಚ್ಚಿದರು. "ಕತ್ತರಿ" ಎಂದೆ. ಛತ್ರಿಯ ಚಿತ್ರ. ಮತ್ತೆ ಹಾಗೇ. "ಛ..." ಎಂದು ನಾನು ಎತ್ತಿಕೊಟ್ಟೆ.

"ಮೇಡಂ, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?" ಎಂದಳು ಆ ಹುಡುಗಿ.

ಹೊರಗೆ ಕುಳಿತೆ. ಬಾಗಿಲು ಪೂರ್ತಿ ಹಾಕಿರಲಿಲ್ಲ. ಒಳಗೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಇವರ ದನಿ. "ಛತ್ರಿ." ಆಮೇಲೆ "ಮಳೆ." ಆಮೇಲೆ ಏನೋ ಅಂದರು, ಆ ಹುಡುಗಿ ನಕ್ಕಳು, ಇವರೂ ನಕ್ಕರು. ಜನವರಿಗೆ ಮುಂಚೆ ಕೇಳಿದ್ದ ನಗು.

ಹಾಗಾದರೆ ಮಾತು ಇದೆ. ಮನೆಯಲ್ಲಿ ಮಾತ್ರ ಇಲ್ಲ. ನನ್ನ ಎದುರಿಗೆ ಮಾತ್ರ ಇಲ್ಲ.

ಸಿಟ್ಟು ಬಂತು. ಮೈ ತೊಳೆಸುವವಳು ನಾನು, ಗುಂಡಿ ಹಾಕುವವಳು ನಾನು, ನಗು ಇನ್ಯಾರಿಗೋ.

ಆಕೆ ಹೊರಗೆ ಬಂದು ನನ್ನ ಪಕ್ಕ ಕುಳಿತಳು. "ಬೇಜಾರು ಮಾಡ್ಕೋಬೇಡಿ. ಅವರು ಬಾಯಿ ಬಿಡೋಕೆ ಮುಂಚೆ ನಿಮ್ಮ ಮುಖ ನೋಡ್ತಾರೆ, ಸರಿಯೋ ತಪ್ಪೋ ಅಂತ. ಪರೀಕ್ಷೆ ಬರೆಯೋ ಮಕ್ಕಳ ಹಾಗೆ. ತಪ್ಪಾಗುತ್ತೆ ಅನ್ನಿಸಿದ ತಕ್ಷಣ ನುಂಗಿಬಿಡ್ತಾರೆ."

"ತಪ್ಪಾದರೆ ತಿದ್ದಬೇಡವೆ?"

"ಈಗ ಬೇಡ. ಪದಾನೂ ಎತ್ತಿಕೊಡಬೇಡಿ. ಸುಮ್ಮನೆ ಕಾಯಿರಿ."

"ಎಷ್ಟು ಹೊತ್ತು?"

"ಅವರಿಗೆ ಬೇಕಾದಷ್ಟು."

ಇದು ಉತ್ತರವಲ್ಲ. ನನ್ನ ತರಗತಿಯಲ್ಲಾಗಿದ್ದರೆ ಸೊನ್ನೆ ಹಾಕುತ್ತಿದ್ದೆ.

ಏಪ್ರಿಲ್ 9, ಬುಧವಾರ

ಕಾದೆ. ಇವರು ಮೇಜಿನ ಕಡೆ ನೋಡಿ "ಚ..." ಎಂದರು. ಕಾದೆ. "ಚ..." ನಾಲಿಗೆ ತುರಿಸಿತು. "ಚಹಾ" ಎಂದುಬಿಟ್ಟೆ. ಇವರು ಬೇಡವೆಂದು ತಲೆ ಆಡಿಸಿದರು. ಚಹಾ ಅಲ್ಲವಂತೆ. ಏನೆಂದು ಕೊನೆಗೂ ತಿಳಿಯಲಿಲ್ಲ. ಮೇಜಿನ ಮೇಲೆ ನನ್ನ ಚಷ್ಮಾ ಇತ್ತು, ಚಾಕು ಇತ್ತು, ಚೀಟಿಗಳೂ ಇದ್ದವು.

ತರಗತಿಯಲ್ಲಿ ಲಿಫ್ಟಿನವರು "ದ ಲಿಫ್ಟ್ ಈಸ್ ಗೋಯಿಂಗ್ ಸ್ಲೋ..." ಎನ್ನುತ್ತಿದ್ದಂತೆ "ಲಿ! ಸ್ಲೋಲಿ!" ಎಂದೆ.

"ಮೇಡಂ, ನಾನು ಇನ್ನೂ ಮೂರನೇ ಮಹಡೀಲಿದ್ದೀನಿ, ನೀವು ಆಗಲೇ ಟೆರೇಸಲ್ಲಿ ನಿಂತಿದ್ದೀರಿ" ಎಂದರು ಅವರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಲಿ ಅವರ ಬಾಯಲ್ಲೇ ಇತ್ತಂತೆ.

ಏಪ್ರಿಲ್ 17, ಗುರುವಾರ

ಹರಾಜುಮನೆಯ ಗುಮಾಸ್ತರು ಬಂದಿದ್ದರು. ಇವರ ಜೊತೆಯಲ್ಲಿ ಕೆಲಸ ಮಾಡುತ್ತಲೇ ತಲೆ ನರೆಸಿಕೊಂಡವರು. ಈಗ ಇವರ ಬದಲು ಅವರೇ ಕಟ್ಟೆ ಹತ್ತಿ ಕೂಗುತ್ತಿದ್ದಾರೆ. ಇವರ ಎದುರಿನ ಕುರ್ಚಿಯ ಅಂಚಿಗೆ ಕುಳಿತು, ಬಂದದ್ದೇ ತಪ್ಪೇನೋ ಎಂಬ ಹಾಗೆ ನನ್ನ ಕಡೆ ನೋಡಿದರು.

"ಮಾತಾಡಿಸಬಹುದಾ ಅಕ್ಕ?"

"ಮಾತಾಡಿಸಿ. ಉತ್ತರ ಬರುವುದಿಲ್ಲ."

ಅಡುಗೆಮನೆಯಲ್ಲಿ ಚಹಾ ಮಾಡುತ್ತ ಕೇಳಿಸಿಕೊಂಡೆ. ಗುಮಾಸ್ತರು ಗೋಳು ತೋಡಿಕೊಳ್ಳುತ್ತಿದ್ದರು.

"ನನ್ನ ಕೈಲಿ ಆಗ್ತಿಲ್ಲ ಯಜಮಾನ್ರೇ. ನಿಮ್ಮ ಹಾಗೆ ಬಣ್ಣಿಸೋದು ಹಾಗಿರ್ಲಿ, ಅದನ್ನ ಬಾಯಿಪಾಠ ಮಾಡ್ಕೊಂಡು ಹೇಳ್ತೀನಿ. ಆದ್ರೆ ಎರಡು ಸಾರಿ ಅಂದ ಮೇಲೆ ನೀವು ನಿಲ್ತಿದ್ರಲ್ಲ, ಅದು ಬರ್ತಿಲ್ಲ. ಇಡೀ ಹರಾಜುಮನೆ ಗಪ್‌ಚಿಪ್. ನೀವು ಆ ಕಡೆ ನೋಡಲ್ಲ, ಈ ಕಡೆ ನೋಡಲ್ಲ, ಆರಾಮಾಗಿ ನಿಂತಿರ್ತೀರಿ. ಯಾರೋ ಹಿಂದಿನ ಸಾಲಲ್ಲಿ ಮನಸ್ಸು ಮಾಡಿ ಕೈ ಎತ್ತೋ ತನಕ. ನಂಗೆ ಎದೆ ಡವಡವ ಅನ್ನುತ್ತೆ. ಬಾಯಿ ತಡೆಯಲ್ಲ, ಮೂರು ಅಂದುಬಿಡ್ತೀನಿ. ಒಳ್ಳೊಳ್ಳೆ ಬೀರುಗಳು ಸುಮ್ಮನೆ ಯಾರ ಪಾಲಿಗೋ ಹೋಗ್ತಿವೆ."

ನಾನು ಒಂದು ಸಲವೂ ಇವರ ಹರಾಜು ನೋಡಲು ಹೋಗಿಲ್ಲ. ಬರೀ ಬಾಯಿಬಡಾಯಿಯ ಕೆಲಸ ಎಂದುಕೊಂಡಿದ್ದೆ. ಅದರಲ್ಲಿ ಬಾಯಿ ಮುಚ್ಚಿ ನಿಲ್ಲುವುದೂ ಇದೆ ಎಂದು ಇವರು ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಬಾಗಿಲಿಗೆ ಬಂದೆ. ಗುಮಾಸ್ತರು ತಾವು ಕೂಗುವುದು ಹೇಗೆಂದು ತೋರಿಸುತ್ತಿದ್ದರು. ನಮ್ಮ ಹಳೆಯ ರೇಡಿಯೋದ ಮೇಲೆ ಕೈಯಿಟ್ಟು, "ಇದು ರೇಡಿಯೋ. ಒಂದು ಸಾರಿ..." ಎಂದು ಅಲ್ಲಿಗೇ ನಿಲ್ಲಿಸಿದರು.

"ಎರಡು ಸಾರಿ" ಎಂದರು ಇವರು.

ತಡವರಿಸಲಿಲ್ಲ. ಬೆವರಲಿಲ್ಲ. ಹಳೆಯ ದನಿಯಲ್ಲಿ, ಹರಾಜುಮನೆಯ ಹಿಂದಿನ ಸಾಲಿಗೆ ಕೇಳುವ ಹಾಗೆ. ಗುಮಾಸ್ತರ ಕೈ ರೇಡಿಯೋದ ಮೇಲೇ ಉಳಿಯಿತು.

ಆಮೇಲೆ ಇವರು ನಿಂತರು. ಕುಳಿತೇ ಇದ್ದರು, ಆದರೂ ನಿಂತರು ಎಂದೇ ಬರೆಯಬೇಕು. ಬೆನ್ನು ನೇರ. ಕಣ್ಣು ಯಾರ ಮೇಲೂ ಇಲ್ಲ. ನನ್ನ ಮೇಲೂ ಇಲ್ಲ. ಅವಸರ ಇಲ್ಲ. ಮೂರು, ಮೂರು ಎಂದು ನನ್ನ ನಾಲಿಗೆ ಹೊಡೆದುಕೊಳ್ಳುತ್ತಿತ್ತು. ತಟ್ಟೆ ಗಟ್ಟಿಯಾಗಿ ಹಿಡಿದುಕೊಂಡೆ. ಚಹಾದ ಮೇಲೆ ಕೆನೆ ಕಟ್ಟಿತು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಆ ಸದ್ದು ಬೀದಿಯ ಕೊನೆ ಮುಟ್ಟಿ ಮುಗಿಯಿತು.

"ಮೂರು" ಎಂದರು. ಎಡಗೈಯನ್ನು ಕುರ್ಚಿಯ ತೋಳಿನ ಮೇಲೆ ಟಪ್ ಎಂದು ಹೊಡೆದರು.

ಗುಮಾಸ್ತರು ಹೆಗಲಿನ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಆರಿದ ಚಹಾ ಚೆಲ್ಲಿ ಬೇರೆ ಮಾಡಿದೆ. ಇಂಥದ್ದು ಮಾಮೂಲು, ಬಾಯಿಪಾಠವಾದದ್ದು ತಾನಾಗಿ ಬರುತ್ತದೆ, ಅದನ್ನು ಮಾತು ಎಂದು ಲೆಕ್ಕ ಹಿಡಿಯಲಾಗದು ಎಂದು ಮಾತಿನ ಡಾಕ್ಟರು ಫೋನಿನಲ್ಲಿ ಹೇಳಿದಳು. ಆದರೂ ಅವಳ ದನಿ ಖುಷಿಯಾಗಿತ್ತು.

ಏಪ್ರಿಲ್ 21, ಸೋಮವಾರ

ಊಟದ ಮೇಜಿನ ಒಂದು ಕಾಲು ಗಿಡ್ಡ. ಚೀಟಿಗಳನ್ನು ಮಡಿಸಿ ಅದರ ಅಡಿಗೆ ಇಟ್ಟೆ. ಈಗ ಅಲ್ಲಾಡುವುದಿಲ್ಲ.

ಕಾಯುವುದು ಕಷ್ಟದ ಕೆಲಸ. ಕೈಗೆ ಏನೂ ಕೆಲಸವಿಲ್ಲ, ಬಾಯಿಗಂತೂ ಇಲ್ಲವೇ ಇಲ್ಲ. ಇವರ ಮುಖ ನೋಡಿದರೆ ಇವರಿಗೆ ಪರೀಕ್ಷೆಯ ಹೆದರಿಕೆ. ಅದಕ್ಕೆ ಬೇರೆ ಕಡೆ ನೋಡುತ್ತೇನೆ. ಇವತ್ತು ಇವರು "ಕಿ..." ಎಂದು ಶುರು ಮಾಡಿ ಮುಗಿಸುವ ತನಕ ನಾನು ಕಿಟಕಿಯ ಪರದೆಯನ್ನು ನೋಡಿದೆ. ನೀಲಿ ಎಂದುಕೊಂಡಿದ್ದೆ. ಬಿಸಿಲು ಬಿದ್ದ ಕಡೆ ಬಿಳಚಿಕೊಂಡು, ಮಡಿಕೆಯೊಳಗೆ ಮಾತ್ರ ಹೊಸದರಷ್ಟೇ ಗಾಢವಾಗಿ ಉಳಿದಿದೆ. ಕೆಳಗಿನ ಅಂಚಿನಲ್ಲಿ ಇಸ್ತ್ರಿ ಪೆಟ್ಟಿಗೆ ಸುಟ್ಟ ತ್ರಿಕೋನದ ಕಂದು ಕಲೆ. ಅದನ್ನು ಸುಟ್ಟವರು ಇವರೇ. ಆ ದಿನ ನಾನು ಕೂಗಾಡಿದಾಗ ಇವರು ಪರದೆ ಎತ್ತಿ ಹಿಡಿದು, "ಅಪರೂಪದ, ಕೈಯಿಂದಲೇ ಮಾಡಿದ, ಇಡೀ ಊರಿಗೆ ಒಂದೇ ಒಂದು ತ್ರಿಕೋನ ಚಿತ್ತಾರದ ಪರದೆ" ಎಂದು ಹರಾಜು ಕೂಗಿದ್ದರು. ನಾನು ಆಗ ನಕ್ಕಿರಲಿಲ್ಲ. ಇವತ್ತು ನೆನಪಾಗಿ ಮೂಗಿನಲ್ಲಿ ನಗು ಬಂತು.

"ಕಿಟಕಿ" ಎಂದರು ಇವರು. "ಕಿಟಕಿ... ತೆಗಿ."

ಎರಡು ಪದ. ತೆಗೆದೆ. ಆವತ್ತು ಬಾಗಿಲು, ಬಾಗಿಲು ಎಂದದ್ದೂ ಕಿಟಕಿಯೇ ಇರಬೇಕು ಎಂದು ಆಮೇಲೆ ಹೊಳೆಯಿತು. ಒಳಗೆ ಬಂದ ಗಾಳಿಗೆ ಪಕ್ಕದ ಮನೆಯವರು ಒಗೆದು ಹರವಿದ ಬಟ್ಟೆಗಳ ಸಾಬೂನಿನ ವಾಸನೆ ಇತ್ತು. ಇಬ್ಬರೂ ಕಿಟಕಿಯ ಹತ್ತಿರ ಕುಳಿತಿದ್ದೆವು. ಊಟ ತಡವಾಯಿತು.

ಏಪ್ರಿಲ್ 29, ಮಂಗಳವಾರ

ತರಗತಿಯಲ್ಲಿ ಪುನರಾವರ್ತನೆ. ಲಿಫ್ಟಿನವರು ಹಲಗೆಯ ಹತ್ತಿರ ಬಂದು ತಾವೇ ಕಟ್ಟಿದ ವಾಕ್ಯ ಹೇಳಿದರು. ಮಧ್ಯದಲ್ಲಿ ಬಹಳ ಹೊತ್ತು ನಿಂತರು. ನಾನು ಸೀಮೆಸುಣ್ಣ ಹಿಡಿದುಕೊಂಡು ಹೊರಗೆ ನೋಡುತ್ತಿದ್ದೆ. "ದ ಓಲ್ಡ್ ಲಿಫ್ಟ್ ಈಸ್ ಗೋಯಿಂಗ್ ಅಪ್... ಸ್ಲೋಲಿ... ಬಟ್ ಇಟ್ ಲುಕ್ಸ್ ಹ್ಯಾಪಿ." ವಿಶೇಷಣ, ಕ್ರಿಯಾವಿಶೇಷಣ, ಲುಕ್ಸ್ ಮುಂದೆ ಲಿ ಇಲ್ಲ. ಎಲ್ಲ ಸರಿ. ಲಿಫ್ಟ್ ಹೇಗೆ ಹ್ಯಾಪಿ ಆಗುತ್ತದೆ ಎಂದು ಕಾವಲುಗಾರ ಜಗಳ ತೆಗೆದ. "ನಿಮಗೆ ಗೊತ್ತಿಲ್ಲ, ಎಣ್ಣೆ ಬಿಟ್ಟು ನೋಡಿ" ಎಂದರು ಲಿಫ್ಟಿನವರು.

ಪಾಠ ಮುಗಿದ ಮೇಲೆ ಕೂದಲು ಕತ್ತರಿಸುವಾಕೆ ಕೇಳಿದಳು. "ಮನೇಲಿ ಈಗ ಹೇಗಿದ್ದಾರೆ ಮೇಡಂ?"

ಪರವಾಗಿಲ್ಲ, ನಿಧಾನವಾಗಿ ಎರಡೆರಡು ಪದ ಜೋಡಿಸುತ್ತಾರೆ, ಬೆಳಿಗ್ಗೆ ಚುರುಕಾಗಿರುತ್ತಾರೆ, ಸಂಜೆ ಹೊತ್ತಿಗೆ ದಣಿದು ಮೊಂಡು ಹಿಡಿಯುತ್ತಾರೆ, ನಿನ್ನೆ ಕನ್ನಡಿ ನೋಡಿಕೊಂಡು ತಮ್ಮ ಉದ್ದ ಕೂದಲು ತೋರಿಸಿ "ಕಾಡು" ಎಂದರು, ನೀನೇ ಒಂದು ದಿನ ಬಂದು ನೀಟಾಗಿ ಕತ್ತರಿಸಿ ಹೋಗಬೇಕು ಎಂದೆ. ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಬಂದೆ.

ಮುಂದಿನ ಮಂಗಳವಾರ ಪರೀಕ್ಷೆ. ನನ್ನ ಕೈಯಲ್ಲಿ ಏನೂ ಇಲ್ಲ. ಹೆದರಿಕೆಯಾಗುತ್ತಿದೆ. ಜನವರಿಯಿಂದ ಅದೂ ಆಗಿರಲಿಲ್ಲ.

ಮೇ 6, ಮಂಗಳವಾರ

ನಾದಿನಿ ಬೆಳಿಗ್ಗೆಯೇ ಫೋನ್ ಮಾಡಿದಳು. "ಅತ್ತಿಗೆ, ನೀವು ಒಳಗೆ ಹೋಗ್ಬೇಡಿ. ನಿಮ್ಮನ್ನ ನೋಡಿದ್ರೆ ಅಣ್ಣ ಬಾಯಿ ಬಿಡಲ್ಲ." ಅವಳಿಗೆ ಯಾರು ಹೇಳಿದರೋ. ನಾನೇ ಹೇಳಿರಬೇಕು.

ಹೋಗುವುದಿಲ್ಲ ಎಂದೇ ಇದ್ದೆ. ಕೋಣೆಯ ಬಾಗಿಲಲ್ಲಿ ಇವರು ನನ್ನ ಕೈ ಬಿಡಲಿಲ್ಲ. ಎಡಗೈ, ಬಿಗಿಯಾಗಿ. ಮಾತಿನ ಡಾಕ್ಟರು ನೋಡಿದಳು. "ಬನ್ನಿ, ಆದರೆ ಹಿಂದೆ ಕೂತಿರಿ" ಎಂದಳು. ಅವಳ ಪಕ್ಕದಲ್ಲಿ ಅವಳಿಗಿಂತ ದೊಡ್ಡ ಡಾಕ್ಟರೊಬ್ಬರಿದ್ದರು. ತೀರ್ಮಾನ ಮಾಡುವವರು ಅವರು.

ಚಿತ್ರಗಳು ಪರವಾಗಿಲ್ಲ ಎನ್ನುವ ಹಾಗೆ ನಡೆದವು. ಕತ್ತರಿಗೆ ಚಾಕು ಎಂದರು. ಕುದುರೆಗೆ ಬಹಳ ಹೊತ್ತು ತೆಗೆದುಕೊಂಡು ಕುದುರೆ ಎಂದರು. ಒಬ್ಬ ಮನುಷ್ಯ ಓಡುವ ಚಿತ್ರಕ್ಕೆ "ಓಡ್ತಾನೆ" ಎಂದರು. "ಹೇಗೆ ಓಡ್ತಾನೆ?" ಎಂದರೆ ಸುಮ್ಮನಾದರು. ದೊಡ್ಡ ಡಾಕ್ಟರು ಪೆನ್ನಿನ ತುದಿಯಿಂದ ಮೇಜನ್ನು ಕುಟ್ಟಿದರು. ವೇಗವಾಗಿ, ಜೋರಾಗಿ, ಗಾಬರಿಯಾಗಿ, ಬೇಕಾದಷ್ಟಿವೆ. ನನ್ನ ಬಾಯಿತುಂಬ ಇದ್ದವು. ನಾನು ದೊಡ್ಡ ಡಾಕ್ಟರ ಬೂಟಿನ ದಾರ ನೋಡಿದೆ. ಒಂದು ಬಿಚ್ಚಿತ್ತು.

"ಸಾಕು" ಎಂದರು ದೊಡ್ಡ ಡಾಕ್ಟರು. ಮಾತಿನ ಡಾಕ್ಟರು ಮುಖ ಸಣ್ಣದು ಮಾಡಿಕೊಂಡು, "ಸರ್, ಇನ್ನೊಂದೇ ಒಂದು" ಎಂದು ಇವರ ಕಡೆ ತಿರುಗಿದಳು. ನನ್ನ ಕಡೆ ಬೆರಳು ತೋರಿಸಿದಳು.

"ಅವರು ಯಾರು ಹೇಳಿ?"

ಇವರು ತಿರುಗಿ ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಬೇಕಿತ್ತು. ಆಗಲಿಲ್ಲ. ಇವರನ್ನೇ ನೋಡಿದೆ. ಮೀಸೆಯ ಒಂದು ತುದಿ ಇನ್ನೂ ಸ್ವಲ್ಪ ಕೆಳಗೆ ಇಳಿದಿದೆ. ಕಣ್ಣು ಮಾತ್ರ ಹಳೆಯವೇ, ತುಂಟ ಕಣ್ಣು. ಹೆಂಡತಿ ಎಂಬ ಪದ ಇದೆ, ನನಗೆ ಗೊತ್ತಿದೆ. ನಾನು ಎತ್ತಿಕೊಡಲಿಲ್ಲ. ಪೆನ್ನು ಕುಟ್ಟುವುದು ನಿಂತಿತು. ಹೊರಗೆ ಗೋಡೆಗೆ ಒರಗಿದವರು ಕೆಮ್ಮುವುದು ಕೇಳಿಸುತ್ತಿತ್ತು.

"ಮೇಡಂ" ಎಂದರು.

ದೊಡ್ಡ ಡಾಕ್ಟರು ಏನೋ ಹೇಳಲು ಹೋದರು. ಮಾತಿನ ಡಾಕ್ಟರು ಕೈ ಅಡ್ಡ ಹಿಡಿದಳು.

"ಹಳೇ" ಎಂದರು ಇವರು. "ಹಳೇ ಮೇಡಂ."

ಬೆನ್ನು ನೇರ ಮಾಡಿಕೊಂಡರು.

"ಗಟ್ಟಿ. ಗಟ್ಟಿ ಮೇಡಂ." ಉಸಿರು ಎಳೆದುಕೊಂಡರು. ಹುಡುಕಿದರು. ಹಣೆಯ ನರ ಉಬ್ಬಿತು. "ಜೋರಾಗಿ... ಮೇಡಂ."

ಮಾತಿನ ಡಾಕ್ಟರು ನಕ್ಕುಬಿಟ್ಟಳು. ನಾನು ಕುಳಿತೇ ಇದ್ದೆ. ಇವರು ಮುಗಿಸಿರಲಿಲ್ಲ. ಮುಗಿಸಿಲ್ಲವೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಎಡಗೈ ಮೇಲೆತ್ತಿದರು.

"ಒಂದು ಸಾರಿ" ಎಂದರು. ಹಿಂದಿನ ಸಾಲಿಗೆ ಕೇಳುವ ದನಿ. "ಎರಡು ಸಾರಿ."

ನಿಂತರು.

ದೊಡ್ಡ ಡಾಕ್ಟರು ಏನೂ ಅರ್ಥವಾಗದೆ ನನ್ನನ್ನು ನೋಡಿದರು, ಆ ಹುಡುಗಿಯನ್ನು ನೋಡಿದರು. ನಾನು ಕಾದೆ. ಅವಸರವಿರಲಿಲ್ಲ ನನಗೆ. ಕಿಟಕಿಯಿಂದ ಬಿಸಿಲು ಇವರ ಎತ್ತಿದ ಕೈಯ ಮೇಲೆ ಬಿದ್ದಿತ್ತು. ಅಗಲವಾದ, ಒರಟಾದ, ಉಗುರು ಓರೆಯಾಗಿ ಬೆಳೆದ, ನನಗೆ ಚೆನ್ನಾಗಿ ಗೊತ್ತಿರುವ ಕೈ. ಮೂರು ಎಂದು ಟಪ್ಪನೆ ಕೆಳಗೆ ಬರುತ್ತದೆ ಎಂದು ನೋಡುತ್ತಿದ್ದೆ.

ಬರಲಿಲ್ಲ. ಇವರು ಕೈಯನ್ನು ಮೆಲ್ಲಗೆ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡರು. ತಲೆ ಆಡಿಸಿದರು.

"ಕೊಡಲ್ಲ" ಎಂದರು.

ದೊಡ್ಡ ಡಾಕ್ಟರು ಬಗ್ಗಿ ಏನೋ ಬರೆದುಕೊಂಡರು. "ಮುಂದಿನ ವಾರ ಇದೇ ಹೊತ್ತಿಗೆ ಬನ್ನಿ" ಎಂದರು. ಅದಕ್ಕೆ ಹೂಂ ಎನ್ನುವುದಕ್ಕೂ ನನ್ನಿಂದ ಆಗಲಿಲ್ಲ. ನಾನು ಅಳುತ್ತಿದ್ದೆ. ಮುಖ ಮುಚ್ಚಿಕೊಳ್ಳದೆ, ಎಲ್ಲರ ಎದುರಿಗೇ, ಜೋರಾಗಿ.